ಪ್ರೋಗ್ರಾಮರ್ ಕೊಳ್ಳುವ ಮುನ್ನ: ಯಾವ ಪೋರ್ಟ್?

ಕೇಳುಗರಿಗೆ ನಮಸ್ಕಾರ. ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್‌ನಲ್ಲಿ ಅಡಗಿದ ಪುಟ್ಟ ಕಂಪ್ಯೂಟರ್, ಕಲಿಯಲು ಹೊರಟವರು ಮೊದಲು ಎಡವುವುದು ಚಿಪ್‌ನಲ್ಲಲ್ಲ, ಅದರೊಳಗೆ ಪ್ರೋಗ್ರಾಂ ತುಂಬುವ ‘ಪ್ರೋಗ್ರಾಮರ್’ ಎಂಬ ಪುಟ್ಟ ಸಾಧನದಲ್ಲಿ. ಹಳೆಯ ಪುಸ್ತಕಗಳ ಸರ್ಕ್ಯೂಟುಗಳೆಲ್ಲ ಸೀರಿಯಲ್ ಅಥವಾ ಪ್ಯಾರಲಲ್ ಪೋರ್ಟಿನವು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ಯುಎಸ್‌ಬಿ ಮಾತ್ರ.

ಪ್ಯಾರಲಲ್ ಪೋರ್ಟಿನ ಕಾಲ ಸೊಗಸಾಗಿತ್ತು. ಇಪ್ಪತ್ತೈದು ಪಿನ್ನಿನ ಕನೆಕ್ಟರ್, ನಾಲ್ಕಾರು ರೆಸಿಸ್ಟರ್, ಒಂದು 74ಎಚ್‌ಸಿ244 ಬಫರ್ ಇದ್ದರೆ ಎವಿಆರ್ ಎಂಬ ಮೈಕ್ರೊಕಂಟ್ರೋಲರ್ ಕುಟುಂಬದ ಚಿಪ್‌ಗೆ ಪ್ರೋಗ್ರಾಮರ್ ಸಿದ್ಧ. ತಂತಿ ತಪ್ಪಿದರೆ ಮದರ್‌ಬೋರ್ಡಿಗೇ ಪೆಟ್ಟು, ಅಷ್ಟೆ! ಮನೆಯ ಮೂಲೆಯಲ್ಲಿ ಅಂಥ ಹಳೆಯ ಕಂಪ್ಯೂಟರ್ ಇದ್ದರೆ ಈಗಲೂ ಬಳಸಬಹುದು.

ಸೀರಿಯಲ್ ಪೋರ್ಟಿನ ಕಥೆ ಬೇರೆ. ಪಿಐಸಿ ಎಂಬ ಇನ್ನೊಂದು ಕುಟುಂಬದ ಪಿಐಸಿ16ಎಫ್84 ಚಿಪ್‌ಗೆ ಪ್ರೋಗ್ರಾಂ ತುಂಬಲು ಸುಮಾರು 13 ವೋಲ್ಟ್ ಬೇಕು. ಜೆಡಿಎಂ ಎಂಬ ಜಾಣ ಸರ್ಕ್ಯೂಟ್ ಅದನ್ನು ಪೋರ್ಟಿನಿಂದಲೇ ಹೀರಿಕೊಳ್ಳುತ್ತದೆ. ಅದಕ್ಕೆ ಬೇರೆ ಅಡಾಪ್ಟರ್ ಬೇಡ. ಪೋರ್ಟ್ ಇಲ್ಲದವರು ಯುಎಸ್‌ಬಿ–ಸೀರಿಯಲ್ ಕೇಬಲ್ ತಂದು ಇದಕ್ಕೆ ಸಿಕ್ಕಿಸುತ್ತಾರೆ. ಕೆಲಸ ಕೆಡುವುದು ಇಲ್ಲೇ. ಆ ಕೇಬಲ್ಲುಗಳಲ್ಲಿ ಹಲವು ಅಷ್ಟು ವೋಲ್ಟೇಜ್ ಕೊಡುವುದಿಲ್ಲ. ಕೊಟ್ಟರೂ, ಜೆಡಿಎಂ ಬೈಟುಗಳನ್ನು ಓದುವ ಸಾಧನವಲ್ಲ. ಪೋರ್ಟಿನ ನಿಯಂತ್ರಣ ತಂತಿಗಳನ್ನು ಕಂಪ್ಯೂಟರ್ ಒಂದೊಂದಾಗಿ ಏರಿಸಿ ಇಳಿಸಬೇಕು. ಯುಎಸ್‌ಬಿಯಲ್ಲಿ ಅಂಥ ಒಂದೊಂದು ಏರಿಳಿತಕ್ಕೂ ಸುಮಾರು ಒಂದು ಮಿಲಿಸೆಕೆಂಡು ಹಿಡಿಯುತ್ತದೆ. ಆ ಚಿಪ್‌ನಲ್ಲಿ 14 ಬಿಟ್ಟುಗಳ 1024 ಪದಗಳಿವೆ. ಪ್ರತಿ ಬಿಟ್ಟಿಗೂ ಕ್ಲಾಕ್ ತಂತಿ ಒಮ್ಮೆ ಏರಿ ಇಳಿಯುವುದಕ್ಕೇ ಸುಮಾರು ಅರ್ಧ ನಿಮಿಷ. ಉಳಿದ ಆದೇಶಗಳು, ಮರುಪರಿಶೀಲನೆ ಎಲ್ಲ ಇದರ ಮೇಲೆ. ಹಲವು ತಂತ್ರಾಂಶಗಳು ಅಷ್ಟರೊಳಗೆ ಕೈಚೆಲ್ಲಿಬಿಡುತ್ತವೆ.

ಹಾಗೆಂದು ಆ ಕೇಬಲ್ ನಿಷ್ಪ್ರಯೋಜಕವಲ್ಲ. ಬೂಟ್‌ಲೋಡರ್, ಅಂದರೆ ಬಂದ ಬೈಟುಗಳನ್ನು ಚಿಪ್‌ನೊಳಗೆ ತಾನೇ ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಂ, ಇರುವ ಪಿ89ವಿ51ಆರ್‌ಡಿ2 ಚಿಪ್‌ಗೆ ಅದು ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ಹೋಗುವುದು ಬರೀ ಬೈಟುಗಳು.

ಆದ್ದರಿಂದ ಪ್ಲಗ್ಗಿನ ಆಕಾರ ನೋಡಬೇಡಿ, ತಂತಿಗಳ ಏರಿಳಿತದ ಸಮಯ ನೋಡಿಕೊಳ್ಳುವುದು ಕಂಪ್ಯೂಟರೋ ಪ್ರೋಗ್ರಾಮರೋ ಎಂದು ಕೇಳಿ. ಒಳಗೆ ತನ್ನದೇ ಮೈಕ್ರೊಕಂಟ್ರೋಲರ್ ಇರುವ ಯುಎಸ್‌ಬಿ ಪ್ರೋಗ್ರಾಮರ್ ಹೊಸಬರಿಗೆ ಲೇಸು. ಎವಿಆರ್ ಕಲಿಯುವವರಿಗೆ ಯುಎಸ್‌ಬಿಆಸ್ಪ್ ಸಾಕು. ಅದರೊಳಗೆ ಎಟಿಮೆಗಾ8 ಚಿಪ್ ಇದೆ. ಆ ಚಿಪ್‌ಗೆ ಪ್ರೋಗ್ರಾಂ ತುಂಬಲು ಇನ್ನೊಂದು ಪ್ರೋಗ್ರಾಮರ್ ಬೇಕಾಗುವುದರಿಂದ, ಮೊದಲನೆಯದನ್ನು ಮನೆಯಲ್ಲೇ ಕಟ್ಟುವ ಹಟ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿದ್ಧವಾದದ್ದನ್ನೇ ಕೊಳ್ಳಿ. ಅಂಗಡಿಯಲ್ಲಿ ಪೋರ್ಟ್ ಕೇಳುವ ಮೊದಲು ನಿಮ್ಮ ಚಿಪ್‌ನ ಹೆಸರು ಹೇಳಿ; ಯುಎಸ್‌ಬಿಆಸ್ಪ್ ಪಿಐಸಿಗೆ ಆಗುವುದಿಲ್ಲ. ಕೈಯಲ್ಲಿ ಆರ್ಡುಯಿನೊ ಊನೊ ಬೋರ್ಡ್ ಇದ್ದರೆ, ಅದಕ್ಕೆ ‘ಆರ್ಡುಯಿನೊಐಎಸ್‌ಪಿ’ ಎಂಬ ಸ್ಕೆಚ್ (ಆರ್ಡುಯಿನೊ ಪ್ರೋಗ್ರಾಂ) ಹಾಕಿ ಅದನ್ನೇ ಪ್ರೋಗ್ರಾಮರ್ ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ. ನೀವು ಪ್ರೋಗ್ರಾಂ ತುಂಬಲೆಂದು ತಂದ ಹೊಸ ಎಟಿಮೆಗಾ8 ಚಿಪ್ ಕಾರ್ಖಾನೆಯಿಂದ ಬರುವುದು 1 ಮೆಗಾಹರ್ಟ್ಸ್ ವೇಗದಲ್ಲಿ. ಯುಎಸ್‌ಬಿಆಸ್ಪ್ ಸಾಮಾನ್ಯವಾಗಿ 375 ಕಿಲೋಹರ್ಟ್ಸ್‌ನಲ್ಲಿ ಮಾತನಾಡುತ್ತದೆ. ಚಿಪ್‌ಗೆ ಅದು ಅತಿಯಾಗುತ್ತದೆ. ‘ಸಾಧನ ಸಿಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ ಚಿಪ್ ಸತ್ತಿತೆಂದು ಎಸೆಯಬೇಡಿ, ಯುಎಸ್‌ಬಿಆಸ್ಪ್ ಬೋರ್ಡಿನಲ್ಲಿ ವೇಗ ತಗ್ಗಿಸುವ ಜೆಪಿ3 ಜಂಪರ್ (ಎರಡು ಪಿನ್ನು ಜೋಡಿಸುವ ಪುಟ್ಟ ಟೊಪ್ಪಿಗೆ) ಹಾಕಿ ಮತ್ತೊಮ್ಮೆ ಪ್ರಯತ್ನಿಸಿ.