ಹೈಬ್ರಿಡ್ ಹತ್ತಿಯ ಬೀಜ ಮತ್ತು ಡಿಎನ್‌ಎ

ಮಾನ್ಯರೇ,

ಸಿಂಧನೂರು, ಮಾನ್ವಿ ಭಾಗದ ರೈತರು ಸೋನಾ ಮಸೂರಿ ಭತ್ತದ ಬೀಜವನ್ನು ತಮ್ಮ ಬೆಳೆಯಿಂದಲೇ ಆಯ್ದು ಮರುವರ್ಷ ಬಿತ್ತಬಹುದು. ಆದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಹೈಬ್ರಿಡ್ ಹತ್ತಿಯ ಬೀಜವನ್ನು ಹಾಗೆ ಉಳಿಸಿಟ್ಟು ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆಯಾಗಿ ಏಳುತ್ತದೆ. ಬೀಜದೊಳಗೆ ಏನೋ ಬೆರೆಸಿ ಕೆಡಿಸಿರುತ್ತಾರೆ ಎಂಬ ಅನುಮಾನ ಸಹಜವೇ, ಆದರೆ ಕಾರಣ ಅದಲ್ಲ. ಜೀವಕೋಶವು ಆನುವಂಶಿಕ ಗುಣಗಳನ್ನು ಹೊತ್ತ ತನ್ನ ಡಿಎನ್‌ಎಯನ್ನು ನಕಲು ಮಾಡುವುದು ಒಂದು ಕ್ರಿಯೆ, ಅದನ್ನು ಮುಂದಿನ ಪೀಳಿಗೆಗೆ ಹಂಚುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಡಿಎನ್‌ಎಯ ಜೋಡಿ ಸುರುಳಿಯ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಅಧ್ಯಯನವಿಲ್ಲದೆ ಅದು ಅಷ್ಟು ಬೇಗ ಆಗುತ್ತಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಈ ಸುರುಳಿಯ ಎರಡು ಎಳೆಗಳ ಘಟಕಗಳಲ್ಲಿ ಅಡೆನಿನ್ ಎದುರು ಥೈಮಿನ್, ಗ್ವಾನಿನ್ ಎದುರು ಸೈಟೋಸಿನ್ ಕೂಡುವುದರಿಂದ, ಹೆಲಿಕೇಸ್ ಎಂಬ ಕಿಣ್ವ ಎಳೆಗಳನ್ನು ಬಿಡಿಸಿದಂತೆಲ್ಲ ಪಾಲಿಮರೇಸ್ ಎಂಬ ಕಿಣ್ವ ಪ್ರತಿ ಹಳೆಯ ಎಳೆಯ ಎದುರಿಗೂ ಹೊಸದೊಂದನ್ನು ಹೆಣೆಯುತ್ತದೆ. ತಪ್ಪಾದ ಘಟಕ ಸೇರಿದರೆ ಅದೇ ಕಿಣ್ವ ಹಿಂದೆ ಸರಿದು ಕಿತ್ತುಹಾಕುತ್ತದೆ. ಅದರ ಕಣ್ಣು ತಪ್ಪಿಸಿದವನ್ನು ಬೇರೆ ಕಿಣ್ವಗಳು ತಿದ್ದುತ್ತವೆ. ಕೊನೆಗೆ ಉಳಿಯುವ ತಪ್ಪು ಸುಮಾರು ನೂರು ಕೋಟಿ ಘಟಕಗಳಿಗೆ ಒಂದರಷ್ಟು. ಇಷ್ಟು ಕರಾರುವಾಕ್ಕಾದ ನಕಲಿನ ಮೇಲೆ ಹತ್ತಿಯ ದೂರು ಹೊರಿಸಲಾಗದು.

ಉಳಿದದ್ದು ಹಂಚಿಕೆ. ಹತ್ತಿಯ ಬೀಜೋತ್ಪಾದನೆಯ ಹೊಲಗಳಲ್ಲಿ ನಡೆಯುವ ಕ್ರಾಸಿಂಗ್ ಕೆಲಸವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ: ಸಂಜೆ ಹೆಣ್ಣು ತಳಿಯ ಮೊಗ್ಗನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ ಕೇಸರಗಳನ್ನು ತೆಗೆದುಹಾಕುತ್ತಾರೆ, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವನ್ನು ತಂದು ಅದರ ಪರಾಗವನ್ನು ಶಲಾಕೆಯ ತುದಿಗೆ ಸವರುತ್ತಾರೆ. ನಾವು ಹೆಚ್ಚಾಗಿ ಬೆಳೆಯುವ ಹತ್ತಿಯ ಕೋಶದಲ್ಲಿ ಡಿಎನ್‌ಎಯನ್ನು ಹೊತ್ತ 52 ವರ್ಣತಂತುಗಳಿದ್ದು, ಹೈಬ್ರಿಡ್ ಬೀಜಕ್ಕೆ ತಾಯಿಯಿಂದ 26, ತಂದೆಯಿಂದ 26 ಬರುತ್ತವೆ. ಎಲ್ಲ ಬೀಜಗಳಿಗೂ ಅದೇ ಕೂಟ ಸಿಗುವುದರಿಂದ ಮೊದಲ ವರ್ಷದ ಬೆಳೆ ಒಂದೇ ಸಮನಾಗಿರುತ್ತದೆ. ಆದರೆ ಆ ಗಿಡ ತನ್ನ ಪರಾಗವನ್ನೂ ಅಂಡವನ್ನೂ ಮಾಡಿಕೊಳ್ಳುವಾಗ ಪ್ರತಿ ಜೋಡಿಯಿಂದ ಒಂದು ವರ್ಣತಂತು ಮಾತ್ರ ಸಾಗುತ್ತದೆ. ಯಾವುದು ಎಂಬುದು ಆಕಸ್ಮಿಕ. 26 ಜೋಡಿಗಳಿಂದ ಹೀಗೆ ಸುಮಾರು 6.7 ಕೋಟಿ ಬಗೆಯ ಪರಾಗಗಳು ಸಾಧ್ಯ. ವರ್ಣತಂತುಗಳು ತಮ್ಮ ತಮ್ಮಲ್ಲೇ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಭತ್ತದಲ್ಲಿಯೂ ಈ ಹಂಚಿಕೆ ನಡೆಯುತ್ತದೆ. ಆದರೆ ಅದರ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಶುದ್ಧ ತಳಿಯಲ್ಲಿ ಜೋಡಿಯ ಎರಡು ವರ್ಣತಂತುಗಳೂ ಒಂದೇ ತೆರನಾಗಿರುವುದರಿಂದ ಯಾವುದು ಸಾಗಿದರೂ ವ್ಯತ್ಯಾಸವಾಗದು.

ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ, ಕಾಯಿಕೊರಕ ಹುಳುವನ್ನು ತಡೆಯುವ ಜೀನ್ (ಒಂದು ಗುಣವನ್ನು ನಿರ್ಧರಿಸುವ ಡಿಎನ್‌ಎ ತುಣುಕು) ಸೇರಿಸಿದ ಬಿಟಿ ಹತ್ತಿಗೂ ವಿಜ್ಞಾನಿ ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಪ್ರಕಟಿಸಿದ ಲೆಕ್ಕವೇ ಅನ್ವಯಿಸುತ್ತದೆ. ಬಿಟಿ ಜೀನ್ ತಂದೆ ತಾಯಿಯರ ಪೈಕಿ ಒಂದೇ ತಳಿಯಿಂದ ಬಂದಿದ್ದರೆ, ಉಳಿಸಿಟ್ಟ ಬೀಜದಲ್ಲಿ ಸುಮಾರು ಕಾಲು ಭಾಗಕ್ಕೆ ಆ ಜೀನ್ ಇರುವುದಿಲ್ಲ. ಯಾವ ಬೀಜದಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಬರಿಗಣ್ಣಿನಿಂದ ಗುರುತಿಸಲು ಸಾಧ್ಯವಿಲ್ಲ.