ಕೂದಲೆಳೆಯ ಏಳನೇ ಒಂದು ಪಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ನಾನು ಟರ್ನರ್ ಆಗಿ ಸೇರಿದಾಗ ಅಲ್ಲಿದ್ದದ್ದು ಕೈಯಿಂದ ನಡೆಸುವ ಲೇತ್, ಅಂದರೆ ಲೋಹವನ್ನು ತಿರುಗಿಸುತ್ತ ಕಡಿಯುವ ಯಂತ್ರ. ನಮ್ಮ ಮೇಸ್ತ್ರಿ ಕಬ್ಬಿಣ ಕಡಿಯುವ ಸದ್ದು ಕೇಳಿಯೇ, "ಟೂಲ್ ಮೊಂಡಾಯ್ತು, ಸಾಣೆ ಹಿಡಿಯಪ್ಪಾ" ಅನ್ನುತ್ತಿದ್ದರು. ಮುಂದೆ ಸಿ.ಎನ್.ಸಿ., ಅಂದರೆ ಕಂಪ್ಯೂಟರ್ ಆಜ್ಞೆಯಂತೆ ತಾನೇ ಲೋಹ ಕಡಿಯುವ ಯಂತ್ರ ಬಂತು. ಇನ್ನು ಈ ಕಿವಿಗೆ, ಈ ಕೈಗೆ ಬೆಲೆಯಿಲ್ಲ ಅಂತ ನಾವೆಲ್ಲ ಹೆದರಿದೆವು.

ಅಂಕಿಗಳ ಆಜ್ಞೆಯಿಂದ ಯಂತ್ರ ನಡೆಸುವುದನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆ 1952ರಲ್ಲಿ ತೋರಿಸಿಕೊಟ್ಟಿತು. ಆಗ ಆಜ್ಞೆಗಳನ್ನು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಕೊಡುತ್ತಿದ್ದರು. ನಮ್ಮ ನಾಡಿಗೂ ಈ ಕಸುಬು ಹೊಸದಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದವು. 1953ರಲ್ಲಿ ಎಚ್.ಎಂ.ಟಿ. ಹುಟ್ಟಿತು; ಜಾಲಹಳ್ಳಿಯಲ್ಲಿ ಅದರ ಕಾರ್ಖಾನೆ ಎದ್ದಿತು. ಕೈಗಡಿಯಾರಕ್ಕೂ ಮೊದಲು ಅಲ್ಲಿ ತಯಾರಾದದ್ದು ಯಂತ್ರ ಮಾಡುವ ಯಂತ್ರ.

ಸಿ.ಎನ್.ಸಿ. ಯಂತ್ರಕ್ಕೆ ನಾವು ಬರೆದುಕೊಡುವುದು ಸಾಲು ಸಾಲು ಸಂಕೇತ. ಜಿ 01 ಅಂದರೆ ಹೇಳಿದ ವೇಗದಲ್ಲಿ ನೇರವಾಗಿ ಕಡಿ. ಎಂ 05 ಅಂದರೆ ತಿರುಗುವುದನ್ನು ನಿಲ್ಲಿಸು. ಇದನ್ನು ಕಲಿಯುವುದು ಕಷ್ಟವಲ್ಲ. ಕಷ್ಟ ಬೇರೆ ಕಡೆ ಇದೆ.

ಒಮ್ಮೆ ನಾನು ನೂರು ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್‌ಗಳನ್ನು, ಅಂದರೆ ದುಂಡನೆಯ ದಂಡಗಳನ್ನು ಮಾಡಿದೆ. ಹತ್ತು ಮೈಕ್ರಾನ್‌ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಹತ್ತು ಮೈಕ್ರಾನ್ ಅಂದರೆ ತಲೆಗೂದಲಿನ ದಪ್ಪದ ಸುಮಾರು ಏಳನೇ ಒಂದು ಪಾಲು. ಯಂತ್ರದಿಂದ ಇಳಿಸಿದ ಕೂಡಲೇ ಅಳೆದೆ, ಎಲ್ಲ ಸರಿಯಿತ್ತು. ಮರುದಿನ ಬೆಳಿಗ್ಗೆ ಅಳೆದರೆ ಎಲ್ಲವೂ ಸಣ್ಣ! ಕಡಿಯುವಾಗ ಉಕ್ಕು ಬಿಸಿಯಾಗಿ ಹಿಗ್ಗಿತ್ತು, ರಾತ್ರಿ ತಣಿದು ಕುಗ್ಗಿತು. ಅಷ್ಟು ದಪ್ಪದ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಸಾಕು, ಹನ್ನೊಂದು ಮೈಕ್ರಾನ್‌ಗೂ ಮಿಗಿಲಾಗಿ ಹಿಗ್ಗುತ್ತದೆ. ಅದಕ್ಕೇ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಜಗತ್ತೆಲ್ಲ ಒಪ್ಪಿದೆ. ನನ್ನ ಪ್ರೋಗ್ರಾಮ್‌ನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಮಾಲೆಲ್ಲ ಗುಜರಿಗೆ ಹೋಯಿತು. ಜಾಬ್, ಅಂದರೆ ಯಂತ್ರಕ್ಕೆ ಹಾಕುವ ಲೋಹದ ತುಂಡನ್ನು ಮುಟ್ಟಿ ನೋಡಿ, "ತಣಿಯಲಿ, ಆಮೇಲೆ ಅಳೆ" ಅನ್ನುತ್ತಿದ್ದ ಮೇಸ್ತ್ರಿ ಅವತ್ತು ತುಂಬ ನೆನಪಾದರು.

ಈ ಕೆಲಸಕ್ಕೆ ಬರಬೇಕೆನ್ನುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಜಾಬ್ ಹಾಕಿ ಗುಂಡಿ ಒತ್ತುವ ಆಪರೇಟರ್ ಕೆಲಸ ಬೇಗ ಸಿಗುತ್ತದೆ, ಆದರೆ ಅಲ್ಲೇ ನಿಲ್ಲಬೇಡಿ. ಟೂಲ್ ಕೂರಿಸಿ ಆಫ್‌ಸೆಟ್, ಅಂದರೆ ಟೂಲಿನ ಅಳತೆಯ ಹೊಂದಾಣಿಕೆ ಕೊಡುವ ಸೆಟ್ಟರ್ ಆಗಿ, ಪ್ರೋಗ್ರಾಮ್ ಬರೆಯಿರಿ, ಅಳತೆಯ ವಿಭಾಗಕ್ಕೂ ಹೋಗಿ ಬನ್ನಿ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ನಲ್ಲಿ ಎರಡು ವರ್ಷದ ಟರ್ನರ್, ಮೆಷಿನಿಸ್ಟ್ ತರಬೇತಿ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿ.ಟಿ.ಟಿ.ಸಿ., ಅಂದರೆ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ, ಈಗ ರಾಜ್ಯದ ಹಲವು ಊರುಗಳಲ್ಲಿದೆ. ಅಲ್ಲಿನ ಟೂಲ್ ಅಂಡ್ ಡೈ, ಅಂದರೆ ಉಪಕರಣ ಮತ್ತು ಅಚ್ಚು ತಯಾರಿಸುವ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಜೊತೆಗೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಆ ಒಂದು ವರ್ಷವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹೆಣ್ಣುಮಕ್ಕಳೂ ಬನ್ನಿ. ಭಾರ ಎತ್ತುವ ತೋಳಿಗಿಂತ ಮೈಕ್ರಾನ್ ಗಮನಿಸುವ ಕಣ್ಣು ಇಲ್ಲಿ ಬೇಕು.

ಎಲ್ಲೇ ಸೇರುವುದಾದರೂ, ಅಪ್ಪ ಅಮ್ಮನ ಜೊತೆ ಹೋಗಿ, ವರ್ಕ್‌ಶಾಪ್ ತೋರಿಸಿ ಅಂತ ಕೇಳಿ. ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದಾರೋ, ಅದರ ಬುಡದಲ್ಲಿ ಅವತ್ತು ಕಡಿದ ಲೋಹದ ಸುರುಳಿ ಬಿದ್ದಿದೆಯೋ, ನೋಡಿಕೊಂಡು ಬನ್ನಿ.

ನಮಸ್ಕಾರ.