ಕಳೆದುಹೋದ ಡೊಮೇನ್ ಹೆಸರಿಗೆ ಉತ್ತರ ಹೇಳಬೇಕಾದವರು ಯಾರು?

ನಮಸ್ಕಾರ. 1995ರ ಅಕ್ಟೋಬರ್ ತಿಂಗಳಲ್ಲಿ ಜಾಲತಾಣಗಳ ವಿಳಾಸವಾದ ಡೊಮೇನ್ ಹೆಸರುಗಳನ್ನು ನೋಂದಾಯಿಸುವ ಅಮೆರಿಕದ ಸಂಸ್ಥೆಯಾದ ನೆಟ್‌ವರ್ಕ್ ಸೊಲ್ಯೂಷನ್ಸ್‌ಗೆ ಒಂದು ಪತ್ರ ತಲುಪಿತು. ಆನ್‌ಲೈನ್ ಕ್ಲಾಸಿಫೈಡ್ಸ್ ಎಂಬ ಕಂಪನಿಯ ಹೆಸರಿನಲ್ಲಿದ್ದ ಆ ಪತ್ರದ ಪ್ರಕಾರ, ಗ್ಯಾರಿ ಕ್ರೆಮೆನ್ ಎಂಬವರನ್ನು ಕೆಲಸದಿಂದ ತೆಗೆದುಹಾಕಲಾಗಿತ್ತು, ಅವರು ನೋಂದಾಯಿಸಿದ್ದ ಸೆಕ್ಸ್ ಡಾಟ್ ಕಾಮ್ ಎಂಬ ಹೆಸರು ಕಂಪನಿಗೆ ಇನ್ನು ಬೇಕಾಗಿರಲಿಲ್ಲ, ಮತ್ತು ತಮ್ಮಲ್ಲಿ ನೇರ ಇಂಟರ್ನೆಟ್ ಸಂಪರ್ಕ ಇಲ್ಲದ ಕಾರಣ ಈ ವಿಷಯವನ್ನು ಸ್ಟೀಫನ್ ಕೋಹೆನ್ ಎಂಬವರ ಮೂಲಕ ತಿಳಿಸಲಾಗುತ್ತಿತ್ತು. ಹೆಸರಿನಲ್ಲೇ ಆನ್‌ಲೈನ್ ಎಂದು ಇಟ್ಟುಕೊಂಡ ಕಂಪನಿಗೆ ಇಂಟರ್ನೆಟ್ ಇಲ್ಲವಂತೆ! ಪತ್ರ ನಕಲಿ. ಆದರೆ ನೋಂದಣಿ ಸಂಸ್ಥೆ ಕ್ರೆಮೆನ್ ಅವರಿಗೆ ಒಂದು ಫೋನ್ ಕರೆಯನ್ನೂ ಮಾಡದೆ ಹೆಸರನ್ನು ಕೋಹೆನ್‌ಗೆ ವರ್ಗಾಯಿಸಿತು. ಕ್ರೆಮೆನ್ ವಿಚಾರಿಸಿದಾಗ, ಈಗ ಏನೂ ಮಾಡಲಾಗದು, ತಡವಾಗಿದೆ ಎಂಬ ಉತ್ತರ ಸಿಕ್ಕಿತು.

ಡೊಮೇನ್ ಹೆಸರು ಕಳೆದುಕೊಂಡವರಿಗೆ ಇಂದಿಗೂ ಸಿಗುವುದು ಹೆಚ್ಚುಕಡಿಮೆ ಇದೇ ಉತ್ತರ. ಹಣ ಪಡೆಯುವಾಗ ನಿಮ್ಮ ಹೆಸರಿನ ಕಾವಲುಗಾರರಂತೆ ಮಾತನಾಡುವ ನೋಂದಣಿ ಕಂಪನಿಗಳು, ಅಂದರೆ ರಿಜಿಸ್ಟ್ರಾರ್‌ಗಳು, ಹೆಸರು ಹೋದ ಮರುದಿನ ತಾವು ಬರಿಯ ಅಂಚೆಯವರು ಎಂದು ಕೈತೊಳೆದುಕೊಳ್ಳುತ್ತಾರೆ ಎಂಬುದೇ ನನ್ನ ಆಕ್ಷೇಪ.

ಕ್ರೆಮೆನ್ ಬಿಡಲಿಲ್ಲ. ಹೆಸರನ್ನು ಮರಳಿಸಬೇಕೆಂದು 2000ದಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಆದೇಶಿಸಿತು, ಮರುವರ್ಷ ಕೋಹೆನ್ 6.5 ಕೋಟಿ ಡಾಲರ್ ಕೊಡಬೇಕೆಂದೂ ಹೇಳಿತು. ಆದರೆ ಆತ ಆಸ್ತಿಯನ್ನು ವಿದೇಶಕ್ಕೆ ಸಾಗಿಸಿ ಮೆಕ್ಸಿಕೋಗೆ ಓಡಿಹೋಗಿದ್ದ. ಆಗ ಕ್ರೆಮೆನ್ ನಿಜವಾದ ಪ್ರಶ್ನೆಯನ್ನು ಎತ್ತಿದರು: ಕದ್ದವನ ಮಾತು ಹಾಗಿರಲಿ, ಎತ್ತಿ ಕೊಟ್ಟವರ ಹೊಣೆ ಏನು? ಡೊಮೇನ್ ಎಂಬುದು ಮುಟ್ಟಿ ನೋಡಬಹುದಾದ ವಸ್ತುವಲ್ಲವಾದ್ದರಿಂದ ಅದನ್ನು ಬೇರೆಯವರಿಗೆ ಕೊಟ್ಟರೆ ಆಸ್ತಿ ಕಬಳಿಕೆಯ ಕಾನೂನು ಅನ್ವಯಿಸುವುದಿಲ್ಲ ಎಂಬುದು ಸಂಸ್ಥೆಯ ವಾದವಾಗಿತ್ತು. 2003ರ ಜುಲೈನಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ನ್ಯಾಯಾಧೀಶ ಅಲೆಕ್ಸ್ ಕೊಝಿನ್ಸ್ಕಿ ಈ ವಾದವನ್ನು ಒಪ್ಪಲಿಲ್ಲ. ಡೊಮೇನ್ ನೋಂದಣಿಯನ್ನು ಅವರು ಭೂದಾಖಲೆ ಕಚೇರಿಯಲ್ಲಿ ನಿವೇಶನದ ಹಕ್ಕು ದಾಖಲಿಸುವುದಕ್ಕೆ ಹೋಲಿಸಿದರು. ನಕಲಿ ಪತ್ರ ನಂಬಿ ಒಬ್ಬರ ಷೇರುಗಳನ್ನು ಇನ್ನೊಬ್ಬರಿಗೆ ಕೊಟ್ಟ ಕಂಪನಿ ಹೇಗೆ ಹೊಣೆಯಾಗುತ್ತದೆಯೋ ಇಲ್ಲಿಯೂ ಹಾಗೆಯೇ ಎಂದರು. ಪಹಣಿಯಲ್ಲಿ ಹೆಸರು ತಿದ್ದಿದ ಗುಮಾಸ್ತನನ್ನು ಯಾರೂ ಕೇಳುವಂತಿಲ್ಲ ಎಂದರೆ ನಮ್ಮ ಊರಿನ ರೈತ ಒಪ್ಪುತ್ತಾನೆಯೇ?

ಅದೇ ತೀರ್ಪಿನ ಇನ್ನೊಂದು ಭಾಗ ಮಾತ್ರ ಕಹಿಯಾಗಿದೆ. ಕ್ರೆಮೆನ್ ಹೆಸರು ಪಡೆದ 1994ರಲ್ಲಿ ನೋಂದಣಿ ಉಚಿತವಾಗಿತ್ತಾದ್ದರಿಂದ ಸಂಸ್ಥೆಯೊಂದಿಗೆ ಅವರಿಗೆ ಒಪ್ಪಂದವೇ ಇರಲಿಲ್ಲ ಎಂದು ನ್ಯಾಯಾಲಯ ಹೇಳಿತು. ಈಗ ನಾವು ಹಣ ಕೊಡುತ್ತೇವೆ, ಒಪ್ಪಂದವೂ ಇದೆ. ಆದರೆ ಅದನ್ನು ಬರೆದವರು ಅವರೇ. ಏನೇ ನಷ್ಟವಾದರೂ ನಮ್ಮ ಹೊಣೆ ನೀವು ಕಟ್ಟಿದ ಶುಲ್ಕಕ್ಕೆ ಸೀಮಿತ ಎಂಬ ಸಾಲನ್ನು ಇಂಥ ಕರಾರುಗಳಲ್ಲಿ ಹುಡುಕುವುದು ಕಷ್ಟವಲ್ಲ.

ಎಲ್ಲ ತಪ್ಪೂ ರಿಜಿಸ್ಟ್ರಾರ್‌ನದೇ ಎಂದು ನಾನು ಹೇಳುತ್ತಿಲ್ಲ. ನನ್ನದೇ ಒಂದು ಸಣ್ಣ ಜಾಲತಾಣದ ಹೆಸರು ಹಿಂದೊಮ್ಮೆ ಕೈತಪ್ಪಿತು, ಅದರಲ್ಲಿ ಅರ್ಧ ತಪ್ಪು ನನ್ನದು. ಕಾರ್ಡಿನ ಅವಧಿ ಮುಗಿದಿತ್ತು, ಆದ್ದರಿಂದ ನವೀಕರಣ ಆಗಲಿಲ್ಲ. ಮೊದಲೆರಡು ಎಚ್ಚರಿಕೆಗಳು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ನೋಂದಣಿಗೆ ಕೊಟ್ಟಿದ್ದ ಇಮೇಲ್ ವಿಳಾಸವೂ ಅದೇ ಡೊಮೇನ್‌ನಲ್ಲಿತ್ತಾದ್ದರಿಂದ, ಡೊಮೇನ್ ನಿಂತ ಮೇಲೆ ಕಳುಹಿಸಿದ ಪತ್ರ ನನಗೆ ತಲುಪುವ ದಾರಿಯೇ ಇರಲಿಲ್ಲ. ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಇಷ್ಟನ್ನು ಒಪ್ಪಿಕೊಂಡೇ, ಕೊನೆಯ ಸೂಚನೆಯನ್ನು ಯಾವ ದಿನಾಂಕದಂದು ಯಾವ ವಿಳಾಸಕ್ಕೆ ಕಳುಹಿಸಿದಿರಿ ಎಂದು ಮಾತ್ರ ಕೇಳಿದೆ. ನಾಲ್ಕು ಪತ್ರಗಳಿಗೂ "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎಂಬ ಒಕ್ಕಣೆಯೂ ನಿಯಮಾವಳಿಯ ಕೊಂಡಿಯೂ ಬಂದವು. ದಿನಾಂಕ ಬರಲಿಲ್ಲ.

ಕೇಳಿದ್ದು ದೊಡ್ಡದೇನೂ ಅಲ್ಲ. ಡಾಟ್ ಕಾಮ್‌ನಂಥ ಹೆಸರುಗಳಿಗೆ ನಿಯಮ ರೂಪಿಸುವ ಐಕ್ಯಾನ್ ಸಂಸ್ಥೆಯ ನೀತಿಯಂತೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಒಂದು ವಾರ ಮೊದಲು, ನಂತರ 5 ದಿನಗಳೊಳಗೆ ಹೀಗೆ ಸೂಚನೆ ಕೊಡಲೇಬೇಕು. ಹೆಸರು ಅಳಿಸಿದ ಮೇಲೂ ಅದನ್ನು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿದೆ. ಆದರೆ ಆ ಅವಕಾಶ ಹೆಸರನ್ನು ಅಳಿಸಿದರೆ ಮಾತ್ರ. ಅವಧಿ ಮುಗಿದ ಹೆಸರಿಗೆ ಬೇಡಿಕೆ ಇದ್ದರೆ ಎಷ್ಟೋ ರಿಜಿಸ್ಟ್ರಾರ್‌ಗಳು ಅದನ್ನು ಅಳಿಸುವುದೇ ಇಲ್ಲ, ಹರಾಜಿಗಿಟ್ಟು ಬೇರೆಯವರಿಗೆ ಮಾರುತ್ತಾರೆ. ನಾನು ಮರೆತರೆ ಲಾಭ ಆಗುವುದು ನನಗೆ ನೆನಪಿಸಬೇಕಾದವನಿಗೇ! ಇದು ಕರಾರಿನಲ್ಲಿದೆ, ನೀವು ಒಪ್ಪಿದ್ದೀರಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹಾಗಿದ್ದರೆ ಸೂಚನೆ ಕೊಟ್ಟಿದ್ದಕ್ಕೆ ಸಾಕ್ಷ್ಯ ತೋರಿಸುವ ಭಾರವೂ ನಿಮ್ಮದೇ ಆಗಬೇಕು.

ಐಕ್ಯಾನ್‌ಗೆ ದೂರು ಕೊಡಬಹುದು, ಕೊಡಲೂಬೇಕು. ಅದು ರಿಜಿಸ್ಟ್ರಾರ್‌ನಿಂದ ವಿವರಣೆ ಕೇಳಬಲ್ಲದು, ಮಾನ್ಯತೆಯನ್ನೇ ರದ್ದುಮಾಡಬಲ್ಲದು, ಆದರೆ ನಿಮಗೆ ಪರಿಹಾರ ಕೊಡಿಸುವುದಿಲ್ಲ. ಡೊಮೇನ್ ಹೆಸರಿನ ವ್ಯಾಜ್ಯ ಬಗೆಹರಿಸಲು 1999ರಿಂದ ಇರುವ ಯುಡಿಆರ್‌ಪಿ ವ್ಯವಸ್ಥೆಯಲ್ಲಿ ಎದುರಾಳಿ ಹೆಸರು ಹಿಡಿದಿರುವವನೇ ಹೊರತು ರಿಜಿಸ್ಟ್ರಾರ್ ಅಲ್ಲ, ಅದರಲ್ಲೂ ನಿಮ್ಮ ಬಳಿ ಟ್ರೇಡ್‌ಮಾರ್ಕ್ ಹಕ್ಕು ಇರಬೇಕು. ನಮ್ಮ ದೇಶದಲ್ಲಿ ಡೊಮೇನ್ ಹೆಸರಿಗೆ ಬೆಲೆ ತಂದುಕೊಟ್ಟ ಸತ್ಯಂ ಇನ್ಫೋವೇ ಪ್ರಕರಣ ಆರಂಭವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಹೈಕೋರ್ಟ್ ದಾಟಿ ಹೋದ ಅದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ವ್ಯಾಪಾರದ ಗುರುತಿನ ರಕ್ಷಣೆ ಉಂಟು ಎಂದಿತು. ಅದೂ ಹೆಸರು ಅನುಕರಿಸಿದವರ ವಿರುದ್ಧ.

ರಿಜಿಸ್ಟ್ರಾರ್‌ನನ್ನೇ ಕೇಳಲು ಇಲ್ಲಿ ನನಗೆ ಕಾಣುವ ಹತ್ತಿರದ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕರಾರೇ ಏಕಪಕ್ಷೀಯ ಎಂದು ಪ್ರಶ್ನಿಸುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಯ ಮಾತು ಕೊಂಡ ಸರಕನ್ನಷ್ಟೇ ಹೆಸರಿಸುತ್ತದೆ, ಸೇವೆಯನ್ನಲ್ಲ. ಅದಕ್ಕೂ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಕೋಪ ತೋಡಿಕೊಳ್ಳಬೇಡಿ, ವರ್ಗಾವಣೆಯ ಕೋರಿಕೆ ಯಾವಾಗ, ಯಾವ ವಿಳಾಸದಿಂದ ಬಂತು, ಯಾರು ಅನುಮೋದಿಸಿದರು, ಅದಕ್ಕೂ ಮುನ್ನ ನನ್ನನ್ನು ಹೇಗೆ ಸಂಪರ್ಕಿಸಿದಿರಿ ಎಂದಷ್ಟೇ ಕೇಳಿ. ಆಯೋಗಕ್ಕೆ ಹೋಗುವಾಗ ಆ ಪತ್ರದ ಪ್ರತಿಯನ್ನೂ, ಬಂದ ಉತ್ತರ ಏನೇ ಇರಲಿ ಅದನ್ನೂ, ದೂರಿನ ಜೊತೆ ಲಗತ್ತಿಸಿ.